ಮನೆ ಯಾರ ಹೆಸರಲ್ಲಿದೆ, ಮಂಡಿ ಹೇಗಿದೆ: ವಯಸ್ಸಾದವರು ಯಾರ ಜೊತೆ ಇರುತ್ತಾರೆ, ಯಾಕೆ?

ಶಿರಸಿ, ಸಿದ್ದಾಪುರ ಕಡೆಯ ಅಡಿಕೆ ತೋಟದ ಮನೆಗಳಿಗೆ ಹೋದರೆ ಈಗ ಹೆಚ್ಚಾಗಿ ಕಾಣಸಿಗುವುದು ಇಬ್ಬರೇ. ಉದ್ದದ ಜಗಲಿ, ಅಟ್ಟ, ಕೊಟ್ಟಿಗೆ, ನಾಲ್ಕೈದು ಕೋಣೆ. ಅಷ್ಟು ದೊಡ್ಡ ಮನೆಯಲ್ಲಿ ಎಪ್ಪತ್ತು ದಾಟಿದ ಗಂಡ-ಹೆಂಡತಿ ಮಾತ್ರ. ಮಗ ಬೆಂಗಳೂರಲ್ಲಿ, ಮಗಳು ಅಮೆರಿಕದಲ್ಲಿ. ಇತ್ತ ಯಾದಗಿರಿ, ರಾಯಚೂರು ಸೀಮೆಯ ಮಳೆ ನಂಬಿದ ಹಳ್ಳಿಗಳಿಗೆ ಬೇಸಿಗೆಯಲ್ಲಿ ಹೋಗಿ ನೋಡಿ. ಓಣಿಯಲ್ಲಿ ಸಾಲುಸಾಲು ಮನೆಗಳಿಗೆ ಬೀಗ. ಬೀಗ ಇಲ್ಲದ ಮನೆಯ ಕಟ್ಟೆ ಮೇಲೆ ಒಬ್ಬ ಮುದುಕಿ. ಮಗ-ಸೊಸೆ ಕಟ್ಟಡ ಕೆಲಸಕ್ಕೆ ಅಂತ ಬೆಂಗಳೂರಿಗೋ ಪುಣೆಗೋ ಗುಳೆ ಹೋಗಿದ್ದಾರೆ. ಶಾಲೆಗೆ ಹೋಗುವ ಮೊಮ್ಮಗು ಇದ್ದರೆ ಅವಳ ಹತ್ತಿರ ಬಿಟ್ಟಿರುತ್ತಾರೆ. ಇಲ್ಲದಿದ್ದರೆ ಅವಳೊಬ್ಬಳೇ.

ಎರಡೂ ಮನೆಯಲ್ಲಿ ಮಕ್ಕಳಿಲ್ಲ. ಸಮೀಕ್ಷೆಗೆ ಬಂದವರು ಎರಡೂ ಕಡೆ ಹಾಗೇ ಬರೆದುಕೊಂಡು ಹೋಗುತ್ತಾರೆ. ಆದರೆ ಮೊದಲನೇ ಮನೆಯ ಮಕ್ಕಳು ಹೊರಗೆ ಹೋಗಿದ್ದು ತೋಟದ ದುಡ್ಡಲ್ಲಿ ಓದಿ. ಎರಡನೇ ಮನೆಯವರು ಹೋಗಿದ್ದು ಹೊಲದಲ್ಲಿ ಏನೂ ಉಳಿಯದೆ.

ಹಾಗಾಗಿ "ದುಡ್ಡಿದ್ದವರು ಬೇರೆ ಇರುತ್ತಾರೆ, ಇಲ್ಲದವರು ಮಕ್ಕಳ ಆಸರೆಯಲ್ಲಿ ಇರುತ್ತಾರೆ" ಅನ್ನುವ ಲೆಕ್ಕ ನಮ್ಮಲ್ಲಿ ಅರ್ಧಕ್ಕೇ ನಿಲ್ಲುತ್ತದೆ. "ಈಗಿನ ಮಕ್ಕಳು ಅಪ್ಪ-ಅಮ್ಮನ್ನ ನೋಡಲ್ಲ ಬಿಡಿ" ಅನ್ನುವುದೂ ಅಷ್ಟೇ. ಮಕ್ಕಳ ಗುಣ ಒಂದು ಕಾರಣ ಇರಬಹುದು. ಅದಕ್ಕಿಂತ ಮೊದಲು ಕೇಳಬೇಕಾದ ಎರಡು ಪ್ರಶ್ನೆ ಇವೆ. ಆಸ್ತಿ ಯಾವ ರೂಪದಲ್ಲಿದೆ, ಯಾರ ಹೆಸರಲ್ಲಿದೆ? ಮತ್ತೆ, ದೇಹ ಯಾವ ಕೆಲಸ ಮಾಡುವುದನ್ನು ನಿಲ್ಲಿಸಿದೆ?

ಮೊದಲು ಒಂದಿಷ್ಟು ಅಂಕಿ. 45 ದಾಟಿದವರ ಮೇಲೆ ನಡೆದ ಲಾಸಿ ಅನ್ನುವ ದೊಡ್ಡ ಸಮೀಕ್ಷೆ ಇದೆ. 2017-18ರಲ್ಲಿ ದೇಶದಾದ್ಯಂತ 72 ಸಾವಿರಕ್ಕೂ ಹೆಚ್ಚು ಜನರನ್ನು ಮಾತಾಡಿಸಿ ಮಾಡಿದ್ದು. ಅದರ ಪ್ರಕಾರ 60 ದಾಟಿದವರಲ್ಲಿ ಸುಮಾರು 6% ಒಬ್ಬರೇ ಇದ್ದಾರೆ. ಸುಮಾರು 20% ಗಂಡ-ಹೆಂಡತಿ ಮಾತ್ರ. ಸಂಗಾತಿಯೂ ಮಕ್ಕಳೂ ಜೊತೆಗಿರುವವರು ಸುಮಾರು 41%. ಸಂಗಾತಿ ಇಲ್ಲದೆ ಮಕ್ಕಳ ಜೊತೆ ಇರುವವರು ಸುಮಾರು 28%. ಅಂದರೆ ಮೂರರಲ್ಲಿ ಎರಡು ಪಾಲು ಜನ ಈಗಲೂ ಮಕ್ಕಳ ಜೊತೆಗೇ ಇದ್ದಾರೆ. ಕೂಡು ಕುಟುಂಬ ಸತ್ತೇಹೋಯಿತು ಅನ್ನುವವರು ಇದನ್ನೊಮ್ಮೆ ನೋಡಬೇಕು.

ಇಲ್ಲೊಂದು ತಕರಾರು ಇದೆ. "ಜೊತೆಗೆ" ಅಂದರೆ ಏನು? ಜನಗಣತಿಯ ಲೆಕ್ಕದಲ್ಲಿ ಒಂದೇ ಅಡುಗೆಮನೆಯಲ್ಲಿ ಉಣ್ಣುವವರು ಒಂದು ಕುಟುಂಬ. ನಮ್ಮ ಹಳ್ಳಿಗಳಲ್ಲಿ ಒಲೆ ಬೇರೆ ಮಾಡಿಕೊಳ್ಳುವುದು ಮಾಮೂಲು. ಒಂದೇ ಸೂರು, ಒಂದೇ ಅಂಗಳ, ನಡುವೆ ಒಂದು ಗೋಡೆ. ಈ ಕಡೆ ಅಪ್ಪ-ಅಮ್ಮ ಬೇಯಿಸಿಕೊಳ್ಳುತ್ತಾರೆ, ಆ ಕಡೆ ಮಗ-ಸೊಸೆ. ಪಡಿತರ ಚೀಟಿಯೂ ಬೇರೆ. ಹಬ್ಬಕ್ಕೆ ಹೋಳಿಗೆ ಗೋಡೆ ದಾಟಿ ಬರುತ್ತದೆ, ಜ್ವರ ಬಂದರೆ ಗಂಜಿಯೂ ಬರುತ್ತದೆ. ಕಾಗದದಲ್ಲಿ ಮಾತ್ರ ಅವರು ಬೇರೆ ಇರುವ ಮುದುಕರು. ಬೆಂಗಳೂರಿನ ಅಪಾರ್ಟ್‌ಮೆಂಟಲ್ಲಿ ಮಗನ ಮನೆಯಲ್ಲೇ ಇದ್ದು, ಬೆಳಗ್ಗೆ ಎಂಟರಿಂದ ರಾತ್ರಿ ಒಂಬತ್ತರವರೆಗೆ ಟಿವಿ ಬಿಟ್ಟು ಬೇರೆ ದನಿ ಕೇಳದವರು ಕಾಗದದಲ್ಲಿ ಮಕ್ಕಳ ಜೊತೆ ಇರುವವರು.

ಆಸ್ತಿ ಅಂದರೆ ಯಾವ ಆಸ್ತಿ?

ಎಲ್ಲ ದುಡ್ಡೂ ಒಂದೇ ಥರ ಕೆಲಸ ಮಾಡುವುದಿಲ್ಲ. ಜಮೀನು ಒಂದು ರೀತಿ, ಸಿಟಿಯ ಮನೆ ಇನ್ನೊಂದು ರೀತಿ, ತಿಂಗಳಿಗೆ ಖಾತೆಗೆ ಬೀಳುವ ದುಡ್ಡು ಮತ್ತೊಂದು ರೀತಿ.

ಜಮೀನು ಒಬ್ಬ ಮಗನನ್ನಾದರೂ ಊರಲ್ಲಿ ಕಟ್ಟಿಹಾಕುತ್ತದೆ. ಅದರಲ್ಲೂ ನೀರಾವರಿ ಇದ್ದರೆ. ಮಂಡ್ಯದ ನಾಲೆ ಬಯಲಲ್ಲಿ, ತುಂಗಭದ್ರಾ ಅಚ್ಚುಕಟ್ಟಲ್ಲಿ ಎರಡು ಬೆಳೆ ತೆಗೆಯುವ ಮನೆಯಲ್ಲಿ ಹೊಲ-ಗದ್ದೆ ನೋಡಿಕೊಳ್ಳುವ ಮಗ ಅಪ್ಪನ ಜೊತೆಗೇ ಇರುತ್ತಾನೆ. ಪಹಣಿ ಅಪ್ಪನ ಹೆಸರಲ್ಲಿ ಇರುವವರೆಗೆ ಬೆಳೆ ಸಾಲಕ್ಕೆ ಅಪ್ಪನ ಸಹಿ ಬೇಕು. ಕೇಂದ್ರದ ಕಿಸಾನ್ ಸಮ್ಮಾನ್ ಯೋಜನೆಯ ವರ್ಷದ 6,000 ರೂಪಾಯಿಯೂ ಅಪ್ಪನ ಖಾತೆಗೇ ಬರುತ್ತದೆ. ಮೊತ್ತ ದೊಡ್ಡದಲ್ಲ. ಆದರೆ ಐವತ್ತು ವರ್ಷದ ಮಗ ಬಂದು "ಅಪ್ಪಾ, ದುಡ್ಡು ಬಂತಾ?" ಅಂತ ಕೇಳಬೇಕಲ್ಲ, ಆ ಕೇಳುವಿಕೆಯಲ್ಲಿ ಅಪ್ಪನಿಗೆ ಮನೆಯಲ್ಲಿ ಒಂದು ಜಾಗ ಉಳಿದಿರುತ್ತದೆ.

ಸಿಟಿಯಲ್ಲಿ ಇದೇ ಕೆಲಸವನ್ನು ಸೈಟು ಮಾಡುತ್ತದೆ. ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಮೂವತ್ತು-ನಲವತ್ತರ ಸೈಟಿನ ಮನೆ ನೋಡಿದ್ದೀರಲ್ಲ. ಕೆಳಗೆ ಅಪ್ಪ-ಅಮ್ಮ, ಮೊದಲ ಮಹಡಿಯಲ್ಲಿ ಮಗ, ಅದರ ಮೇಲೆ ಬಾಡಿಗೆಯವರು. ಎಂಬತ್ತರ ದಶಕದಲ್ಲಿ ಕಂತು ಕಟ್ಟಿ ತಗೊಂಡ ಜಾಗ. ಈಗ ಅದೇ ಏರಿಯಾದಲ್ಲಿ ಮಗ ಸ್ವಂತ ದುಡ್ಡಲ್ಲಿ ಮನೆ ಮಾಡಬೇಕಂದರೆ ಸಾಲ ತೀರಿಸಲು ಅವನ ಸರ್ವೀಸೇ ಸಾಲುವುದಿಲ್ಲ. ಸಮೀಕ್ಷೆಯಲ್ಲಿ ಇದು "ಮಕ್ಕಳ ಜೊತೆ ವಾಸ" ಅಂತ ದಾಖಲಾಗುತ್ತದೆ. ಓದಿದವರು ಮಗ ಅಪ್ಪನನ್ನು ಇಟ್ಟುಕೊಂಡಿದ್ದಾನೆ ಅಂದುಕೊಳ್ಳುತ್ತಾರೆ. ನಿಜದಲ್ಲಿ ಮಗ ಅಪ್ಪನ ಮನೆಯಲ್ಲಿದ್ದಾನೆ. ಕರೆಂಟ್ ಬಿಲ್ ಅಪ್ಪನದು, ಸ್ಕೂಲ್ ಬಸ್ಸಿಂದ ಮಗುವನ್ನು ಇಳಿಸಿಕೊಳ್ಳುವುದು ಅಜ್ಜಿ. ಸಹಾಯ ಮೇಲಿನಿಂದ ಕೆಳಗೆ ಹರಿಯುತ್ತಿದೆ.

ತಿಂಗಳಿಗೆ ಬರುವ ದುಡ್ಡಿನ ಕಥೆ ಬೇರೆ. ಅದು ಯಾರನ್ನೂ ಕಟ್ಟಿಹಾಕುವುದಿಲ್ಲ, ಬದಲಿಗೆ ಬಿಡುಗಡೆ ಕೊಡುತ್ತದೆ. ಇಬ್ಬರೂ ಮೇಷ್ಟ್ರಾಗಿ ರಿಟೈರ್ ಆದ ಗಂಡ-ಹೆಂಡತಿ ತಾಲ್ಲೂಕು ಕೇಂದ್ರದಲ್ಲೇ ಮನೆ ಮಾಡಿಕೊಂಡು, "ಮಕ್ಕಳ ಮನೆಗೆ ಹೋಗ್ತೀವಿ, ನಾಲ್ಕು ದಿನ ಇದ್ದು ಬರ್ತೀವಿ" ಅಂತ ಹೇಳುವುದು ಈ ದುಡ್ಡಿನ ಬಲದಿಂದ. ಅಮೆರಿಕದಲ್ಲಿ ಇದು ದೊಡ್ಡ ಮಟ್ಟದಲ್ಲಿ ನಡೆದುಹೋಗಿದೆ. ಅಲ್ಲಿ 1940ರಲ್ಲಿ ವಯಸ್ಸಾದ ವಿಧವೆಯರಲ್ಲಿ ಸುಮಾರು 18% ಮಾತ್ರ ಒಬ್ಬರೇ ಇದ್ದರು. 1990ರ ಹೊತ್ತಿಗೆ ಆ ಪ್ರಮಾಣ ಸುಮಾರು 62%. ಸರ್ಕಾರಿ ಪಿಂಚಣಿ ಕೈಗೆ ಬಂದದ್ದು ಇದಕ್ಕೆ ದೊಡ್ಡ ಕಾರಣ ಎಂದು ಅರ್ಥಶಾಸ್ತ್ರದವರು ತೋರಿಸಿದ್ದಾರೆ. ಮಕ್ಕಳು ಹೊರಗೆ ಹಾಕಿದ್ದಲ್ಲ, ತಾಯಂದಿರೇ ಬೇರೆ ಇರುವುದನ್ನು ಆರಿಸಿಕೊಂಡರು. ದಕ್ಷಿಣ ಆಫ್ರಿಕಾದಲ್ಲಿ ಪಿಂಚಣಿ ಬಂದಾಗ ಆದದ್ದು ಉಲ್ಟಾ. ಅಜ್ಜಿಗೆ ಪಿಂಚಣಿ ಶುರುವಾದ ಮನೆಗೆ ಮೊಮ್ಮಕ್ಕಳು ಬಂದು ಸೇರಿಕೊಂಡರು. ದುಡ್ಡು ಎಷ್ಟು, ಸುತ್ತ ಬಡತನ ಎಷ್ಟು ಅನ್ನುವುದರ ಮೇಲೆ ಅದೇ ಪಿಂಚಣಿ ಮನೆ ಖಾಲಿ ಮಾಡಿಸಲೂಬಹುದು, ತುಂಬಿಸಲೂಬಹುದು.

ನಮ್ಮಲ್ಲಿ ಈ ತಿಂಗಳ ದುಡ್ಡಿನ ಅಂತರ ನೋಡಿ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬರು ಗರಿಷ್ಠ 30 ಲಕ್ಷ ಇಡಬಹುದು. 8.2% ಬಡ್ಡಿ ಹಿಡಿದರೆ ತಿಂಗಳ ಲೆಕ್ಕದಲ್ಲಿ 20,500 ರೂಪಾಯಿ ಆಗುತ್ತದೆ, ಖಾತೆಗೆ ಬೀಳುವುದು ಮೂರು ತಿಂಗಳಿಗೊಮ್ಮೆ. ಕಾರ್ಖಾನೆಯಲ್ಲಿ ದುಡಿದು ಪಿಎಫ್ ಪಿಂಚಣಿ ಪಡೆಯುವವರಿಗೆ ಸರ್ಕಾರ 2014ರಲ್ಲಿ ನಿಗದಿ ಮಾಡಿದ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ. ರಾಜ್ಯದ ಸಂಧ್ಯಾ ಸುರಕ್ಷಾ 1,200. ಬಡ ವೃದ್ಧರ ಪಿಂಚಣಿಗೆ ಕೇಂದ್ರ ಕೊಡುವ ಪಾಲು 80 ವರ್ಷದೊಳಗಿನವರಿಗೆ ತಿಂಗಳಿಗೆ 200 ರೂಪಾಯಿ. 2007ರಿಂದ ಅದು ಅಲ್ಲೇ ನಿಂತಿದೆ. ಆಗ 200ಕ್ಕೆ ಬರುತ್ತಿದ್ದ ಅಕ್ಕಿ-ಬೇಳೆಯನ್ನು ಈಗ 200ಕ್ಕೆ ಕೇಳಿದರೆ ಅಂಗಡಿಯವನು ನಗುತ್ತಾನೆ.

1,200 ರೂಪಾಯಲ್ಲಿ ಬೇರೆ ಮನೆ ಮಾಡಲು ಆಗುವುದಿಲ್ಲ, ಸರಿ. ಆದರೆ ಬಡ ಮನೆಯೊಳಗೆ ಅದು ಸುಮ್ನೆ ಹೋಗುವ ದುಡ್ಡಲ್ಲ. ಮಾತ್ರೆ ಅದರಲ್ಲಿ, ಎಲೆ-ಅಡಿಕೆ ಅದರಲ್ಲಿ, ಮೊಮ್ಮಗಳಿಗೆ ಬಿಸ್ಕತ್ತು ಅದರಲ್ಲಿ. ಗೃಹಲಕ್ಷ್ಮಿ ಯೋಜನೆ 2023ರಲ್ಲಿ ಶುರುವಾದಾಗ ತಿಂಗಳ 2,000 ರೂಪಾಯಿ ಅತ್ತೆಗೋ ಸೊಸೆಗೋ ಅಂತ ರಾಜ್ಯಾದ್ಯಂತ ಚರ್ಚೆ ಆಯಿತು ನೆನಪಿದೆಯಲ್ಲ. ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಯಾರೋ ಅವರಿಗೆ ಅಂತ ನಿಯಮ. ಟಿವಿಯವರಿಗೆ ಅದು ತಮಾಷೆ ಸುದ್ದಿಯಾಗಿತ್ತು. ನನಗೆ ಹಾಗನ್ನಿಸಲಿಲ್ಲ. ಕೈಯಲ್ಲಿ ಕಾಸಿಲ್ಲದೆ ದಶಕಗಟ್ಟಲೆ ಇದ್ದ ಅತ್ತೆಯ ಹೆಸರಿಗೆ ತಿಂಗಳಿಗೆ ಎರಡು ಸಾವಿರ ಬಂದರೆ, ಒಲೆ ಒಂದೇ ಇರಬೇಕೋ ಬೇರೆ ಆಗಬೇಕೋ ಅನ್ನುವ ಮಾತಿನಲ್ಲಿ ಅವಳಿಗೂ ಒಂದು ಪಾಲು ಸಿಗುತ್ತದೆ.

ಇನ್ನು ಆಸ್ತಿ ಹಂಚಿಕೆಯಾದ ಮೇಲಿನ ಕಥೆ. ಗಂಡುಮಕ್ಕಳು ಪಾಲಾಗುವ ದಿನ ಹಿರಿಯರು ಕೂತು ಹೊಲ, ಮನೆ, ಎತ್ತು, ಸಾಲ ಎಲ್ಲ ಹಂಚುತ್ತಾರೆ. ಕೊನೆಗೆ ಉಳಿಯುವುದು ಅಪ್ಪ-ಅಮ್ಮ. ಬುದ್ಧಿವಂತ ಹಿರಿಯರು ಇದ್ದರೆ ಎಕರೆಯನ್ನೋ ಅರ್ಧ ಎಕರೆಯನ್ನೋ ಜೀವನಾಂಶಕ್ಕೆ ಅಂತ ಮುದುಕರ ಹೆಸರಲ್ಲೇ ಉಳಿಸುತ್ತಾರೆ. ಅವರನ್ನು ಕೊನೆವರೆಗೆ ನೋಡಿಕೊಂಡವನಿಗೆ ಅದು ಸೇರುತ್ತದೆ. ಹಾಗೆ ಉಳಿಸದ ಕಡೆ ಸರದಿ ಶುರುವಾಗುತ್ತದೆ. ಈ ತಿಂಗಳು ದೊಡ್ಡವನ ಮನೆ, ಮುಂದಿನ ತಿಂಗಳು ನಡುವಿನವನದು. ಕೆಲವು ಕಡೆ ಅಪ್ಪ ಒಬ್ಬನ ಪಾಲಿಗೆ, ಅಮ್ಮ ಇನ್ನೊಬ್ಬನ ಪಾಲಿಗೆ. ನಮ್ಮೂರಲ್ಲಿ ಹೀಗೆ ಸರದಿ ಮೇಲಿದ್ದ ಒಬ್ಬ ಅಜ್ಜಿಯ ಹತ್ತಿರ ಒಂದು ವೈರ್ ಬ್ಯಾಗ್ ಇತ್ತು. ಎರಡು ಸೀರೆ, ಬಿಪಿ ಮಾತ್ರೆಯ ಕವರು, ಬ್ಯಾಂಕ್ ಪಾಸ್‌ಬುಕ್ಕು, ಆಧಾರ್ ಕಾರ್ಡು. ಅಮಾವಾಸ್ಯೆಯ ಮಾರನೇ ದಿನ ಆ ಬ್ಯಾಗ್ ಹಿಡಿದು ಅವರು ಬೀದಿ ದಾಟುತ್ತಿದ್ದರು. ಬ್ಯಾಗನ್ನು ಯಾವ ಮನೆಯಲ್ಲೂ ಪೂರ್ತಿ ಬಿಚ್ಚಿಟ್ಟಿದ್ದು ನಾನು ನೋಡಲಿಲ್ಲ. ಅವರೂ ಸಮೀಕ್ಷೆಯಲ್ಲಿ "ಮಕ್ಕಳ ಜೊತೆ" ಇರುವವರೇ.

ಕಾಯಿಲೆಯ ಹೆಸರಲ್ಲ, ನಿಂತುಹೋದ ಕೆಲಸ

ಈಗ ಆರೋಗ್ಯಕ್ಕೆ ಬರೋಣ. ಬಿಪಿ, ಶುಗರ್, ಥೈರಾಯ್ಡ್ ಇವೆಲ್ಲ ಇದ್ದೂ ಜನ ವರ್ಷಗಟ್ಟಲೆ ಒಬ್ಬರೇ ಇರುತ್ತಾರೆ. ಕಾಯಿಲೆಯ ಹೆಸರು ಮನೆ ಬದಲಿಸುವುದಿಲ್ಲ. ಯಾವ ಕೆಲಸ ಕೈಲಾಗುವುದಿಲ್ಲ ಅನ್ನುವುದು ಬದಲಿಸುತ್ತದೆ.

ವಯಸ್ಸಾದವರ ಆರೋಗ್ಯ ಅಳೆಯುವವರು ಇದನ್ನು ಎರಡು ಗುಂಪು ಮಾಡುತ್ತಾರೆ. ಒಂದು, ಮನೆ ನಡೆಸುವ ಕೆಲಸಗಳು: ಅಡುಗೆ, ಅಂಗಡಿ-ಸಂತೆ, ದುಡ್ಡಿನ ಲೆಕ್ಕ, ಹೊತ್ತಿಗೆ ಸರಿಯಾಗಿ ಮಾತ್ರೆ, ಫೋನು, ಬಸ್ಸು ಹತ್ತುವುದು. ಇನ್ನೊಂದು, ಮೈಯ ಕೆಲಸಗಳು: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಹಾಸಿಗೆಯಿಂದ ಏಳುವುದು, ನಡೆಯುವುದು, ಉಣ್ಣುವುದು, ಕಕ್ಕಸಿಗೆ ಹೋಗುವುದು.

ಮೊದಲ ಗುಂಪಿನ ಕೆಲಸ ತಪ್ಪಿದರೆ ದಿನಕ್ಕೊಮ್ಮೆ ಯಾರಾದರೂ ಬಂದುಹೋದರೆ ಸಾಕು. ಅಡುಗೆಯವರು, ಪಕ್ಕದ ಮನೆಯವರು, ಅದೇ ಊರಲ್ಲಿ ಮದುವೆಯಾದ ಮಗಳು. ಎರಡನೇ ಗುಂಪಿನದು ಹಾಗಲ್ಲ. ಮೂತ್ರ ಹೇಳಿ ಕೇಳಿ ಬರುವುದಿಲ್ಲ. ರಾತ್ರಿ ಎರಡು ಗಂಟೆಗೆ ಎಬ್ಬಿಸಿ ಕರೆದುಕೊಂಡು ಹೋಗಲು ಒಬ್ಬರು ಅದೇ ಮನೆಯಲ್ಲಿ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಮಲಗಿರಬೇಕು. ಒಬ್ಬರೇ ಇರುವ ಬದುಕು ನಿಜವಾಗಿ ಮುಗಿಯುವುದು ಇಲ್ಲಿ. ಹಗಲು ಹೇಗೋ ಆಗುತ್ತದೆ, ರಾತ್ರಿ ಆಗುವುದಿಲ್ಲ.

ಮನೆಯ ಕಟ್ಟಡವೂ ಇಲ್ಲಿ ಆಟ ಆಡುತ್ತದೆ. ಬಚ್ಚಲು ಹಿತ್ತಲಲ್ಲಿ, ನಡುವೆ ಪಾಚಿ ಕಟ್ಟಿದ ಅಂಗಳ, ಮಳೆಗಾಲ, ಕೂತೇಳುವ ದೇಸೀ ಕಕ್ಕಸು. ಇಂಥ ಮನೆಯಲ್ಲಿ ಮಂಡಿನೋವು ಬಂದ ಹೆಂಗಸಿಗೆ ಎರಡನೇ ಗುಂಪಿನ ಕಷ್ಟ ಬೇಗ ಶುರು. ಅದೇ ಮಂಡಿನೋವು, ಆದರೆ ಮಲಗುವ ಕೋಣೆಗೆ ಅಂಟಿಕೊಂಡ ಬಾತ್‌ರೂಮು, ಕಮೋಡು, ಗೋಡೆಗೆ ಹಿಡಿಕೆ ಇದ್ದರೆ ಇನ್ನೂ ಕೆಲವು ವರ್ಷ ತಾನೇ ನಿಭಾಯಿಸುತ್ತಾಳೆ. ದುಡ್ಡು ಆರೋಗ್ಯವನ್ನು ಕೊಂಡುಕೊಳ್ಳದಿದ್ದರೂ ಹೀಗೆ ಕಾಲಾವಕಾಶ ಕೊಂಡುಕೊಳ್ಳುತ್ತದೆ.

ಮರೆವಿನ ಕಾಯಿಲೆ ಈ ಲೆಕ್ಕವನ್ನೇ ತಲೆಕೆಳಗು ಮಾಡುತ್ತದೆ. ಲಾಸಿಯ ಜೊತೆಗೇ ನಡೆದ ಅಧ್ಯಯನದ ಪ್ರಕಾರ ದೇಶದಲ್ಲಿ 60 ದಾಟಿದವರಲ್ಲಿ ಸುಮಾರು 7.4% ಜನರಿಗೆ ಡಿಮೆನ್ಶಿಯಾ ಇದೆ. ಅಂದರೆ ಸುಮಾರು 88 ಲಕ್ಷ ಜನ. ಶುರುವಿನಲ್ಲಿ ಇವರ ಕೈಕಾಲು ಗಟ್ಟಿಯಾಗೇ ಇರುತ್ತದೆ. ತಾವೇ ಸ್ನಾನ ಮಾಡುತ್ತಾರೆ, ವಾಕಿಂಗ್ ಹೋಗುತ್ತಾರೆ. ಆದರೆ ಗ್ಯಾಸ್ ಹಚ್ಚಿ ಮರೆಯುತ್ತಾರೆ, ವಾಕಿಂಗ್ ಹೋದವರಿಗೆ ಮನೆಗೆ ಬರುವ ತಿರುವು ಗೊತ್ತಾಗುವುದಿಲ್ಲ. ನೋಡುವವರಿಗೆ ಆರೋಗ್ಯವಂತರು, ಒಬ್ಬರೇ ಬಿಡಲು ಮಾತ್ರ ಆಗುವುದಿಲ್ಲ. ಬ್ಯಾಂಕಿನ ಕಾಗದಕ್ಕೆ, ದಾನಪತ್ರಕ್ಕೆ ಹೇಳಿದಲ್ಲಿ ಸಹಿ ಹಾಕಿಬಿಡುವ ಅಪಾಯವೂ ಈ ಹಂತದಲ್ಲೇ ಜಾಸ್ತಿ.

ಆರೈಕೆಯ ಬಿಲ್ಲು ಯಾರು ಕಟ್ಟುತ್ತಾರೆ?

ಒಬ್ಬ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು ಅಂತಿಟ್ಟುಕೊಳ್ಳಿ. ಆಪರೇಷನ್‌ಗೆ ಈಗ ದಾರಿಗಳಿವೆ. ಬಿಪಿಎಲ್ ಕಾರ್ಡಿಗೆ ಸರ್ಕಾರದ ಆರೋಗ್ಯ ಯೋಜನೆ ಇದೆ. 70 ದಾಟಿದವರಿಗೆ ಆದಾಯ ಎಷ್ಟೇ ಇರಲಿ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಅಂತ ಕೇಂದ್ರ 2024ರ ಅಕ್ಟೋಬರಿನಲ್ಲಿ ಆಯುಷ್ಮಾನ್ ಭಾರತ್ ವಿಸ್ತರಿಸಿತು. ಇವೆಲ್ಲ ಕಟ್ಟುವುದು ಆಸ್ಪತ್ರೆ ವಾಸದ ಖರ್ಚು. ಡಿಸ್ಚಾರ್ಜ್ ದಿನ ಡಾಕ್ಟರು ಚೀಟಿ ಕೊಟ್ಟು, "ಮೂರು ತಿಂಗಳು ಜೊತೆಗೆ ಒಬ್ಬರು ಇರಲೇಬೇಕು, ಒಬ್ಬರನ್ನೇ ಓಡಾಡಲು ಬಿಡಬೇಡಿ" ಅನ್ನುತ್ತಾರೆ. ಆ ಮೂರು ತಿಂಗಳಿಗೆ ಯಾವ ಕಾರ್ಡೂ ಇಲ್ಲ.

ಮನೆಯವರೆಲ್ಲ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಮುಖ-ಮುಖ ನೋಡುವ ಹೊತ್ತು ಅದು. ದುಡ್ಡಿದ್ದರೆ ಏಜೆನ್ಸಿಗೆ ಫೋನ್ ಮಾಡಿ ಹೋಮ್ ನರ್ಸ್ ಕರೆಸುತ್ತಾರೆ. ಬೆಂಗಳೂರಲ್ಲಿ ಹಗಲು-ರಾತ್ರಿ ಮನೆಯಲ್ಲೇ ಇರುವವರಿಗೆ ತಿಂಗಳಿಗೆ ಇಪ್ಪತ್ತು ಸಾವಿರ ಸುಲಭವಾಗಿ ದಾಟುತ್ತದೆ, ಊಟ-ವಸತಿ ಬೇರೆ. ಒಳ್ಳೆಯ ಪಿಂಚಣಿ ಇರುವವರೂ ಇದರಲ್ಲಿ ಬೇಗ ಸುಸ್ತಾಗುತ್ತಾರೆ. ದುಡ್ಡಿಲ್ಲದ ಮನೆಯಲ್ಲಿ ಬಿಲ್ಲು ಬೇರೆ ರೂಪದಲ್ಲಿ ಬರುತ್ತದೆ. ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದ ಸೊಸೆ ಕೆಲಸ ಬಿಡುತ್ತಾಳೆ, ಇಲ್ಲವೇ ಕೂಲಿಗೆ ಹೋಗುತ್ತಿದ್ದ ಮಗಳು ತವರಿಗೆ ಬಂದು ಕೂರುತ್ತಾಳೆ. ಯಾವ ರಸೀದಿಯಲ್ಲೂ ಕಾಣದ ಖರ್ಚು. ಮನೆಯಲ್ಲಿ ಮುನಿಸು ಶುರುವಾಗುವುದು ಇಲ್ಲಿಂದಲೇ. ಬರುವ ದುಡ್ಡು ಒಬ್ಬರ ಪಾಲಿನಷ್ಟು ಕಡಿಮೆಯಾಗಿ, ತಿನ್ನುವ ಬಾಯಿ ಒಂದು ಹೆಚ್ಚಾದಾಗ ಸೊಸೆ ಕೆಟ್ಟವಳು ಅನ್ನಿಸುವುದು ಸುಲಭ.

ವೃದ್ಧಾಶ್ರಮ ಇದೆಯಲ್ಲ ಅನ್ನುತ್ತಾರೆ. ಇದೆ, ಆದರೆ ಅದರ ಬಾಗಿಲಲ್ಲಿ ಎರಡು ಜರಡಿ. ದುಡ್ಡು ಕಟ್ಟಿ ಇರುವ ಕಡೆ ಡೆಪಾಸಿಟ್ಟು, ತಿಂಗಳ ಬಾಡಿಗೆ. ಉಚಿತವಾಗಿ ಇಟ್ಟುಕೊಳ್ಳುವ ಕಡೆ, ನೋಡಿಕೊಳ್ಳುವ ಮಕ್ಕಳಿದ್ದಾರಾ ಅನ್ನುವ ವಿಚಾರಣೆ. ಇವೆರಡಕ್ಕೂ ಸಾಮಾನ್ಯವಾದ ಒಂದು ಸಾಲು ಅರ್ಜಿಯಲ್ಲಿ ಆಗಾಗ ಕಾಣುತ್ತದೆ: ತಮ್ಮ ಕೆಲಸ ತಾವೇ ಮಾಡಿಕೊಳ್ಳುವಂತಿರಬೇಕು. ಅಂದರೆ ಅತಿ ಹೆಚ್ಚು ಅಗತ್ಯ ಇರುವವರಿಗೇ ಸೀಟಿಲ್ಲ. ಹಾಸಿಗೆ ಹಿಡಿದವರನ್ನು ತೆಗೆದುಕೊಳ್ಳುವ ಜಾಗಗಳು ಕಡಿಮೆ, ಅಲ್ಲಿನ ದರವೂ ಜಾಸ್ತಿ.

ಇದೆಲ್ಲ ಗೊತ್ತಿದ್ದರೆ ಪತ್ರಿಕೆಯಲ್ಲಿ ಬರುವ ಒಂದು ಥರದ ಸುದ್ದಿಯನ್ನು ಓದುವ ರೀತಿ ಬದಲಾಗುತ್ತದೆ. "ಬೇರೆ ಇರುವ ಹಿರಿಯರೇ ಹೆಚ್ಚು ಆರೋಗ್ಯವಂತರು" ಅಂತ ಒಂದು ಸುದ್ದಿ. "ಒಂಟಿತನದಿಂದ ಆರೋಗ್ಯ ಹಾಳು" ಅಂತ ಮುಂದಿನ ವಾರ ಇನ್ನೊಂದು. ಎರಡೂ ಒಂದೇ ಥರದ ಅಂಕಿಯಿಂದ ಬರಬಹುದು. ಗಂಡ-ಹೆಂಡತಿ ಇಬ್ಬರೇ ಇರುವವರು ಗಟ್ಟಿಯಾಗಿ ಕಾಣುವುದಕ್ಕೆ ಒಂದು ಕಾರಣ, ಗಟ್ಟಿ ಇರುವವರೆಗೆ ಮಾತ್ರ ಅವರು ಆ ಪಟ್ಟಿಯಲ್ಲಿ ಇರುತ್ತಾರೆ. ಒಬ್ಬರು ಬಿದ್ದ ದಿನ ಮಗ ಕಾರು ತಂದು ಕರೆದುಕೊಂಡು ಹೋಗುತ್ತಾನೆ. ಆಮೇಲೆ ಅವರು "ಮಕ್ಕಳ ಜೊತೆ" ಇರುವವರ ಪಟ್ಟಿಗೆ ಸೇರುತ್ತಾರೆ, ಮುರಿದ ಮೂಳೆಯ ಸಮೇತ. ಆಗ ಮಕ್ಕಳ ಜೊತೆ ಇರುವವರ ಆರೋಗ್ಯ ಕೆಟ್ಟದಾಗಿ ಕಾಣದೆ ಇನ್ನೇನು? ಬಡವರ ಒಂಟಿತನದ ದಿಕ್ಕು ಬೇರೆ. ಕರೆದುಕೊಂಡು ಹೋಗುವವರು ಇಲ್ಲದೆ ಉಳಿದವರು ಅವರು. ಅವರ ಆರೋಗ್ಯ ಮೊದಲೇ ಕೆಟ್ಟಿರುತ್ತದೆ, ಕೆಟ್ಟ ಮೇಲೂ ಅಲ್ಲೇ ಇರುತ್ತಾರೆ. ಇಬ್ಬರನ್ನೂ ಒಂದೇ ಸಾಲಿನಲ್ಲಿ ಕೂಡಿಸಿ ಸರಾಸರಿ ತೆಗೆದರೆ ಯಾರ ಕಥೆಯೂ ಸಿಗುವುದಿಲ್ಲ.

ಕಾಯಿಲೆ ಆಸ್ತಿಯನ್ನೂ ತಿನ್ನುತ್ತದೆ. ಅಪ್ಪನ ಹಾರ್ಟ್ ಆಪರೇಷನ್‌ಗೆ ಅಂತ ಒಂದು ಎಕರೆ ಮಾರಿದ ಮನೆಗಳು ಪ್ರತಿ ಊರಲ್ಲಿವೆ. ಎಕರೆ ಹೋದ ಮೇಲೆ ಹೊಲ ನೋಡಿಕೊಳ್ಳುತ್ತಿದ್ದ ಮಗನೂ ಊರು ಬಿಡುತ್ತಾನೆ.

ಅಮ್ಮಂದಿರ ಲೆಕ್ಕ

60 ದಾಟಿದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಗಂಡನನ್ನು ಕಳೆದುಕೊಂಡವರು. ಗಂಡಸರಲ್ಲಿ ಹೆಂಡತಿ ಇಲ್ಲದವರು ಐದರಲ್ಲಿ ಒಬ್ಬರಿಗಿಂತ ಕಡಿಮೆ. ಗಂಡಸು ದೊಡ್ಡವನಾಗಿರುವ ಮದುವೆ, ಹೆಂಗಸು ಹೆಚ್ಚು ವರ್ಷ ಬದುಕುವುದು, ಹೆಂಡತಿ ಸತ್ತ ಗಂಡಸು ಮತ್ತೆ ಮದುವೆಯಾಗುವುದು, ಮೂರೂ ಸೇರಿ ಹೀಗೆ. ಹಾಗಾಗಿ ಗಂಡಸಿಗೆ ಕೊನೆಗಾಲದಲ್ಲಿ ಹೆಂಡತಿಯೇ ನರ್ಸು. ಆ ಹೆಂಡತಿಯ ಸರದಿ ಬಂದಾಗ ಮನೆಯಲ್ಲಿ ಗಂಡ ಇರುವುದಿಲ್ಲ, ಉಳಿತಾಯವೂ ಅವನ ಆಸ್ಪತ್ರೆಗೆ ಹೋಗಿರುತ್ತದೆ.

ಪಿಂಚಣಿ ಇರುವ ಮನೆಯಲ್ಲೂ ಇದು ತಪ್ಪಿದ್ದಲ್ಲ. ಹಳೇ ಪಿಂಚಣಿ ಪದ್ಧತಿಯಲ್ಲಿ ಪೂರ್ತಿ ಸರ್ವೀಸ್ ಮಾಡಿದವರಿಗೆ ಕೊನೆಯ ಮೂಲ ವೇತನದ ಅರ್ಧ ಬರುತ್ತದೆ. ಅವರು ಹೋದ ಮೇಲೆ ಸಂಗಾತಿಗೆ ಸಿಗುವ ಕುಟುಂಬ ಪಿಂಚಣಿ ಸಾಮಾನ್ಯವಾಗಿ 30%. ಮೂಲ ವೇತನ 40,000 ಇತ್ತು ಅಂದರೆ, ತುಟ್ಟಿಭತ್ಯೆ ಬಿಟ್ಟು, 20,000 ಇದ್ದದ್ದು 12,000ಕ್ಕೆ ಇಳಿಯುತ್ತದೆ. ಮನೆ ಬಾಡಿಗೆ ಇಳಿಯುವುದಿಲ್ಲವಲ್ಲ. ರಾಜ್ಯ ಸರ್ಕಾರಿ ಕೆಲಸಕ್ಕೆ 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರು ಹೊಸ ಪಿಂಚಣಿ ಪದ್ಧತಿಯವರು. ಅವರ ಕಾಲಕ್ಕೆ ಈ ಲೆಕ್ಕವೇ ಬೇರೆ.

ಹಾಗಿದ್ದರೂ ಅಮ್ಮ ಮಗಳ ಮನೆಗೆ ಹೋಗುವುದು ನಮ್ಮ ಹೆಚ್ಚಿನ ಕಡೆ ಕೊನೆಯ ದಾರಿ. "ಮಗಳ ಮನೆ ಅನ್ನ" ಅನ್ನುವ ಹಿಂಜರಿಕೆ. ಕರಾವಳಿಯಲ್ಲಿ ಅಳಿಯಸಂತಾನ ಕಟ್ಟು ಇದ್ದ ಸಮುದಾಯಗಳಲ್ಲಿ ಈ ಹಿಂಜರಿಕೆ ಇಷ್ಟಿಲ್ಲ. ಅಲ್ಲಿ ಆಸ್ತಿ ಹೆಣ್ಣಿನ ಸಾಲಿನಲ್ಲಿ ಇಳಿಯುತ್ತಿತ್ತು, ತಾಯಿ-ಮಗಳು ಒಂದೇ ಮನೆಯಲ್ಲಿ ಇರುವುದು ಸಹಜವಾಗಿತ್ತು. ಕಾನೂನು ಬದಲಾಗಿ ದಶಕಗಳಾದರೂ ಅಭ್ಯಾಸ ಪೂರ್ತಿ ಹೋಗಿಲ್ಲ. ಉಳಿದ ಕಡೆ ಆಸ್ತಿ ಗಂಡುಮಕ್ಕಳಿಗೆ, ಹಾಗಾಗಿ ಅಪ್ಪ-ಅಮ್ಮನೂ ಗಂಡುಮಕ್ಕಳಿಗೆ. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಕೂಡು ಕುಟುಂಬದ ಆಸ್ತಿಯಲ್ಲಿ ಪಾಲು ಕೊಟ್ಟಿತು, ದೇಶದ ಕಾನೂನು ಬಂದದ್ದು 2005ರಲ್ಲಿ. ಕಾಗದದಲ್ಲಿ ಹಕ್ಕು ಇದೆ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಅರಿಶಿನ-ಕುಂಕುಮ, ಒಂದು ಸೀರೆ ತಗೊಂಡು ಹೋಗುವ ಹೆಣ್ಣುಮಕ್ಕಳೂ ಇದ್ದಾರೆ. ಪಾಲು ಬಿಟ್ಟುಕೊಟ್ಟವಳೇ ಆಮೇಲೆ ಅಮ್ಮನ ಡೈಪರ್ ಬದಲಿಸಲು ಬಸ್ಸು ಹತ್ತುವುದೂ ನಡೆಯುತ್ತದೆ. 2023ರಿಂದ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲದ ಬಸ್ಸು ಅವಳಿಗೆ ಸ್ವಲ್ಪ ಅನುಕೂಲ ಮಾಡಿದೆ, ಅಷ್ಟೇ.

ಬರೆದುಕೊಡುವ ಮುಂಚೆ

ಎಲ್ಲಕ್ಕಿಂತ ಸೂಕ್ಷ್ಮವಾದ ಹಂತ ಯಾವುದು ಅಂದರೆ ನನ್ನ ಪ್ರಕಾರ ಇದು: ಆರೋಗ್ಯ ಕೈಕೊಡಲು ಶುರುವಾದ ಹೊತ್ತಿಗೇ ಆಸ್ತಿ ಬರೆದುಕೊಡುವುದು. ಕೈಯಲ್ಲಿದ್ದ ಎರಡು ಬಲದಲ್ಲಿ ಒಂದು ತಾನಾಗಿ ಹೋಗುತ್ತಿದೆ, ಇನ್ನೊಂದನ್ನು ತಾವೇ ಕೊಟ್ಟುಬಿಡುತ್ತಾರೆ. "ನಾವು ಹೋದ ಮೇಲೆ ಮಕ್ಕಳು ಕೋರ್ಟಿಗೆ ಅಲೆಯೋದು ಬೇಡ" ಅನ್ನುವುದು ಒಳ್ಳೆಯ ಉದ್ದೇಶವೇ. ಕರ್ನಾಟಕದಲ್ಲಿ ಹತ್ತಿರದ ಕುಟುಂಬದವರಿಗೆ ದಾನಪತ್ರ ಮಾಡಿದರೆ ಸ್ಟ್ಯಾಂಪ್ ಶುಲ್ಕವೂ ಕೆಲವೇ ಸಾವಿರ. ಹಾಗಾಗಿ ದಾನಪತ್ರವೇ ಸುಲಭ ಅಂತ ತೋರುತ್ತದೆ.

2025ರ ಮಾರ್ಚಿನಲ್ಲಿ ಬೆಳಗಾವಿ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಯಲ್ಲಿ ಮಕ್ಕಳು ಬಿಟ್ಟುಹೋದ ವೃದ್ಧರ ಸುಮಾರು 150 ಪ್ರಕರಣಗಳು ಸುದ್ದಿಯಾದವು. ಚಿಕಿತ್ಸೆಗೆ ಅಂತ ಸೇರಿಸಿ ಆಮೇಲೆ ಬರದವರು. ಇಂಥವರ ಹೆಸರಿಗೆ ಬರೆದುಕೊಟ್ಟ ಆಸ್ತಿ ರದ್ದು ಮಾಡಿಸುವ ಕ್ರಮ ಕೈಗೊಳ್ಳಿ ಎಂದು ರಾಜ್ಯದ ವೈದ್ಯಕೀಯ ಶಿಕ್ಷಣ ಸಚಿವರು ಅಧಿಕಾರಿಗಳಿಗೆ ಹೇಳಿದರು. ಅವರು ನೆಚ್ಚಿಕೊಂಡದ್ದು 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯನ್ನು.

ಆ ಕಾಯ್ದೆಯ 23ನೇ ಸೆಕ್ಷನ್ ಹೇಳುವುದು ಇಷ್ಟು. ತನ್ನ ಮೂಲಭೂತ ಅಗತ್ಯ ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಹಿರಿಯರು ಆಸ್ತಿ ಬರೆದುಕೊಟ್ಟು, ಪಡೆದವನು ನೋಡಿಕೊಳ್ಳದಿದ್ದರೆ ಆ ವರ್ಗಾವಣೆಯನ್ನು ರದ್ದು ಮಾಡಬಹುದು. ಗಂಟು ಇರುವುದು "ಷರತ್ತಿನ ಮೇಲೆ" ಅನ್ನುವಲ್ಲಿ. 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಅಂಥ ಷರತ್ತು ಇತ್ತು ಅನ್ನುವುದು ಸಾಬೀತಾಗಬೇಕು ಎಂದಿತು. 2025ರ ಜನವರಿಯಲ್ಲಿ ಇನ್ನೊಂದು ಪ್ರಕರಣದಲ್ಲಿ, ಇದು ಹಿರಿಯರ ಒಳಿತಿಗಾಗಿ ಇರುವ ಕಾಯ್ದೆ, ಉದಾರವಾಗಿ ಓದಬೇಕು, ಬೇಕಾದರೆ ಆಸ್ತಿಯನ್ನು ವಾಪಸ್ ಸ್ವಾಧೀನಕ್ಕೂ ಕೊಡಿಸಬಹುದು ಎಂದಿತು. ಆ ಎರಡನೇ ಪ್ರಕರಣದಲ್ಲಿ ನೋಡಿಕೊಳ್ಳುವ ಮಾತು ಬರಹದಲ್ಲೇ ಇತ್ತು.

ನಮ್ಮಲ್ಲಿ ಬಹಳಷ್ಟು ದಾನಪತ್ರಗಳಲ್ಲಿ ಇರುವುದು "ಪ್ರೀತಿ ವಿಶ್ವಾಸದಿಂದ" ಅನ್ನುವ ಎರಡು ಪದ ಮಾತ್ರ. ಅದು ಷರತ್ತು ಅಲ್ಲ. ಪತ್ರ ಬರೆಸುವಾಗಲೇ ಎರಡು ಅಂಶ ಹಾಕಿಸಬಹುದು. ಬದುಕಿರುವವರೆಗೆ ಈ ಮನೆಯಲ್ಲಿ ವಾಸ ಮಾಡುವ, ಅದರ ಬಾಡಿಗೆ ಅನುಭವಿಸುವ ಹಕ್ಕು ತಮಗೂ ತಮ್ಮ ಸಂಗಾತಿಗೂ ಉಳಿದಿದೆ ಅಂತ. ಊಟ, ಬಟ್ಟೆ, ಔಷಧಿ, ಆರೈಕೆ ಕೊಡದಿದ್ದರೆ ಈ ಪತ್ರ ರದ್ದಾಗುತ್ತದೆ ಅಂತ. "ಸಂಗಾತಿಗೂ" ಅನ್ನುವುದನ್ನು ಮರೆಯಬಾರದು. ಗಂಡ ಹೋದ ಮೇಲೆ ಹೆಚ್ಚಾಗಿ ಉಳಿಯುವವಳು ಹೆಂಡತಿ ಅಂತ ಮೇಲೆಯೇ ನೋಡಿದೆವು. ವಿಲ್ ಆದರೆ ಕಾಯಬಲ್ಲದು. ಬರೆದವರು ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು, ಮನೆ ಅವರ ಹೆಸರಲ್ಲೇ ಇರುತ್ತದೆ.

ಮನೆಯನ್ನು ಬ್ಯಾಂಕಿಗೆ ಒತ್ತೆ ಇಟ್ಟು ತಿಂಗಳಿಗೆ ದುಡ್ಡು ಪಡೆಯುವ ರಿವರ್ಸ್ ಮಾರ್ಟ್‌ಗೇಜ್ ಅನ್ನುವ ದಾರಿಯೂ 2007ರಿಂದ ಇದೆ. ಅದು ನಮ್ಮಲ್ಲಿ ಬೆಳೆಯಲೇ ಇಲ್ಲ. ಮನೆ ಬ್ಯಾಂಕಿನ ಪಾಲಾಗಬಹುದು ಅಂದರೆ ಮಕ್ಕಳಿಗೆ ಅಪ್ಪ-ಅಮ್ಮನ ಹತ್ತಿರ ಬರುವ ಕಾರಣ ಒಂದು ಕಡಿಮೆಯಾಗುತ್ತದೆ. ಅದು ಹಿರಿಯರಿಗೆ ಚೆನ್ನಾಗಿ ಗೊತ್ತು.

ಈಗಾಗಲೇ ಬರೆದುಕೊಟ್ಟು ಕೂತವರಿಗೂ ದಾರಿ ಮುಚ್ಚಿಲ್ಲ. ಉಪವಿಭಾಗಾಧಿಕಾರಿ, ಅಂದರೆ ಎಸಿ, ಈ ಕಾಯ್ದೆಯ ನ್ಯಾಯಮಂಡಳಿಯ ಮುಖ್ಯಸ್ಥರು. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸುವ ಅಧಿಕಾರ ಅವರಿಗಿದೆ. ನೋಟಿಸ್ ಕೊಟ್ಟ 90 ದಿನದಲ್ಲಿ ಜೀವನಾಂಶದ ಅರ್ಜಿ ಇತ್ಯರ್ಥ ಆಗಬೇಕು ಅನ್ನುತ್ತದೆ ಕಾನೂನು, ಆಮೇಲೆ ಒಮ್ಮೆ 30 ದಿನ ಮುಂದೂಡಬಹುದು. ಮಕ್ಕಳಿಲ್ಲದವರು ತಮ್ಮ ಆಸ್ತಿಗೆ ವಾರಸುದಾರರಾಗುವ ಸಂಬಂಧಿಕರ ಮೇಲೂ ಅರ್ಜಿ ಹಾಕಬಹುದು. ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯದವರು 14567ಕ್ಕೆ ಫೋನ್ ಮಾಡಿದರೆ ಸಾಕು. ಹಿರಿಯ ನಾಗರಿಕರ ಉಚಿತ ಸಹಾಯವಾಣಿ ಅದು.